ಬುಧವಾರದ ಗೋಡೆ

ಎಲ್ಲಿಂದ ಶುರು ಮಾಡಬೇಕೆಂಬುದೇ
ಹನ್ನೊಂದು ವರ್ಷದಿಂದ ನನಗೆ ಗೊತ್ತಾಗಿಲ್ಲ.

ಗೆಲ್ಲುವುದು ಹೇಗೆಂದು ಮೊದಲು ಹೇಳಿದರೆ
ಯಾವುದರಿಂದ ಎನ್ನುತ್ತಾರೆ.
ಬಿಲ್ಲೆಗಳ ಹೆಸರು ಮೊದಲು ಹೇಳಿದರೆ
ಯಾತಕ್ಕೆ ಎನ್ನುತ್ತಾರೆ.
ಅಂಕದ ಪಟ್ಟಿ ತೆಗೆದ ದಿನ
ಬ್ಯಾಂಕಿನಿಂದ ನಿವೃತ್ತನಾದವನೊಬ್ಬ
ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ.
ಅವನ ಕೊಡೆ ಇನ್ನೂ ಇಲ್ಲೇ ಇದೆ.

ಹಾಗಾಗಿ ಈಗ ಏನೂ ಹೇಳುವುದಿಲ್ಲ.
ಮಾಜಾಂಗ್ ಡಬ್ಬಿ ಬೋರಲು ಹಾಕುತ್ತೇನೆ:
ನೂರ ಮೂವತ್ತಾರು ಬಿಲ್ಲೆ
ಹಸಿರು ಬಟ್ಟೆಯ ಮೇಲೆ
ಒಟ್ಟಿಗೇ ಬಾಯಿ ಮಾಡುತ್ತವೆ.
"ಗೋಡೆ ಕಟ್ಟಿ. ಹದಿನೇಳು ಉದ್ದ, ಎರಡು ಎತ್ತರ.
ಮುಖ ಕೆಳಗೆ. ಇಣುಕಬೇಡಿ."
ಗೋಡೆ ಕಟ್ಟುವುದನ್ನು
ಯಾರಿಗೂ ಎರಡು ಸಲ ಹೇಳಬೇಕಾಗಿ ಬಂದಿಲ್ಲ.

ಕೆಳಗೆ ಬಲೆಯಂಗಡಿ, ಮಹಡಿಯಲ್ಲಿ ನಾವು,
ಸೀಮೆಎಣ್ಣೆ ಒಲೆ, ಒಲೆಯ ಮೇಲೆ ಕೆಟಲು.
ಕುಶಿರೋ ಬಂದರಿಗೆ ಬಂದ ಮಂಜು
ಕಿಟಕಿಗೆ ಹಣೆ ಒತ್ತಿ ನಿಂತಿದೆ.
ಇವತ್ತು ಹೊಸಬರು ಮೂವರು:
ಟ್ರಾಲರಿನ ಹಳೇ ಕಪ್ತಾನ ತೊಕುಶಿರೊ,
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಬಂದ ವಿಯೆಟ್ನಾಮಿನ ಥ್ವೀ,
ಮತ್ತೆ ಕೊನಾತ್ಸು, ಹದಿನಾಲ್ಕು. ಶಾಲೆ ನಿಲ್ಲಿಸಿದ್ದಾಳೆ.
ಯಾಕೆಂದು ಕೇಳಬೇಡಿ ಎಂದು ಅವಳ ಅತ್ತೆ ಫೋನು ಮಾಡಿದ್ದರು.

"ನೀವು ಪೂರ್ವ, ಕಪ್ತಾನರೆ. ನಿಮ್ಮ ಬಲಕ್ಕೆ ದಕ್ಷಿಣ."
"ಆಗದು," ಎಂದರು ಅವರು.
"ಪೂರ್ವದಲ್ಲಿ ಕೂತು ಪಶ್ಚಿಮ ನೋಡುವವನ
ಬಲಕ್ಕೆ ಉತ್ತರ. ನಲವತ್ತು ವರ್ಷ ಹಡಗು ನಡೆಸಿದ್ದೇನೆ,
ನಿಮ್ಮ ಲೆಕ್ಕ ನಂಬಿದ್ದರೆ
ಸೀದಾ ರಷ್ಯದವರ ಕೈಗೆ ಸಿಗುತ್ತಿದ್ದೆ."
"ಇದು ಅಂಗಾತ ಮಲಗಿ ಆಕಾಶ ನೋಡುವವನ ದಿಕ್ಕು
ಎಂದು ನನಗೆ ಕಲಿಸಿದವರು ಹೇಳಿದ್ದು.
ನಿಜವೋ ಸುಳ್ಳೋ ನಾನು ಮಲಗಿ ನೋಡಿಲ್ಲ."
ಕಪ್ತಾನರು ಸೂರಿನ ಕಡೆ ಒಮ್ಮೆ ನೋಡಿ
ಗೊಣಗುತ್ತ ಕೂತರು.

"ಇದು ಬಿದಿರೇ?" ಥ್ವೀ ಕೇಳಿದಳು.
"ಬಿದಿರಿನ ಒಂದು."
"ಹಕ್ಕಿ ಇದೆಯಲ್ಲ."
ಇದಕ್ಕೆ ನನ್ನ ಬಳಿ ಏಳು ಉತ್ತರವಿದೆ,
ಏಳನ್ನೂ ನುಂಗಿಕೊಂಡೆ.
"ಚಿಮ್," ಎಂದಳು ತನ್ನ ಭಾಷೆಯಲ್ಲಿ.
ಎರಡನೇ ಕೆಟಲು ಕುದಿಯುವ ಹೊತ್ತಿಗೆ
ನಮ್ಮೆಲ್ಲರ ಬಾಯಲ್ಲೂ ಅದು ಚಿಮ್.

ಒಂದು ನಿಯಮವನ್ನು ಮಾತ್ರ ನಾನು ಯಾವಾಗಲೂ
ಮುಂದಕ್ಕೆ ತಳ್ಳುತ್ತೇನೆ. ಇವತ್ತೂ ತಳ್ಳಿದ್ದೆ.

ಕೊನಾತ್ಸು ಕೈಯಲ್ಲಿ ಬಿದಿರಿನ ಎರಡು, ಮೂರು.
ನಾಲ್ಕೆಲ್ಲ ಆಗಲೇ ಮುಗಿದಿವೆ,
ಚಿಮ್ ಬಂದರೆ ಸರಪಳಿ ಕೂಡುತ್ತದೆ.
ಕಪ್ತಾನರು ಚಿಮ್ ಎಸೆದರು.
ಹುಡುಗಿ ಅಷ್ಟೂ ಬಿಲ್ಲೆ ಮಗುಚಿ ಹಾಕಿದಳು,
ಬಂದಾಗಿನಿಂದ ಮೊದಲ ಸಲ ಹಲ್ಲು ಕಾಣಿಸಿತು.

ಅವಳ ಮುಂದಿನ ಸಾಲನ್ನು ಬೆರಳಿಟ್ಟು ತೋರಿಸಿದೆ:
ಎಸೆದವು, ಎಸೆದ ಕ್ರಮದಲ್ಲಿ.
ಮೂರನೆಯದು ಚಿಮ್.

"ನೀನೇ ಎಸೆದದ್ದನ್ನು
ಇನ್ನೊಬ್ಬರ ಕೈಯಿಂದ ಕೇಳುವ ಹಾಗಿಲ್ಲ."
"ಆಗ ಬೇಡವಾಗಿತ್ತು."
"ಗೊತ್ತು."
"ಈಗ ಬೇಕು."
"ಗೊತ್ತಮ್ಮ."

ಕೆಟಲಿನ ಮುಚ್ಚಳ ಕುಣಿಯಿತು. ಯಾರೂ ಏಳಲಿಲ್ಲ.
"ಹಾಗಾದರೆ ದಾರಿಯೇ ಇಲ್ಲವೇ?" ಎಂದಳು ಥ್ವೀ,
ಜಗಳಕ್ಕೆ ಬಂದವಳ ಹಾಗೆ.
"ಇದೆ. ಗೋಡೆಯಿಂದ ತಾನೇ ಎತ್ತಿಕೊಳ್ಳಬೇಕು.
ನಾಲ್ಕರಲ್ಲಿ ಎರಡು ಹೋದವು. ಎರಡು ಎಲ್ಲೋ ಇವೆ."

ತಪ್ಪಾಗಿ ಕೈ ತೆರೆದವರಿಗೆ ದಂಡ ಹಾಕಬೇಕು.
ಹಾಕಲಿಲ್ಲ; ದಂಡದ ಪಾಠ ಇನ್ನೂ ಆಗಿರಲಿಲ್ಲ.
ಅವಳು ಬಿಲ್ಲೆಗಳನ್ನು ಒಂದೊಂದಾಗಿ ನಿಲ್ಲಿಸಿದಳು.
ಆಮೇಲೆ ಪ್ರತಿ ಸಲ ಎತ್ತಿದಾಗಲೂ, ತಿರುಗಿಸುವ ಮೊದಲು
ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದಳು.
ಅದನ್ನು ನಾನು ಕಲಿಸಿರಲಿಲ್ಲ.

ಗೋಡೆ ಮುಗಿಯಿತು. ಯಾರೂ ಗೆಲ್ಲಲಿಲ್ಲ.
ಯಾರೂ ಎತ್ತಬಾರದ ಕೊನೆಯ ಹದಿನಾಲ್ಕನ್ನು
ಅವಳು ಮಗುಚಿ ಮಗುಚಿ ನೋಡಿದಳು.
"ಇಲ್ಲಿದೆ," ಎಂದಳು. "ಇನ್ನೊಂದು?"

ಇನ್ನೊಂದು ಮೊದಲಿನಿಂದಲೂ ನನ್ನ ಕೈಯಲ್ಲಿತ್ತು.
ಹೇಳಬಾರದೆಂಬುದೂ ನಿಯಮವೇ.
ತೋರಿಸಿದೆ. ನನ್ನ ಮುಖವನ್ನೊಮ್ಮೆ ನೋಡಿ
ಎಲ್ಲವನ್ನೂ ಎರಡೂ ಕೈಯಿಂದ ಕಲಸಿ
ಗೋಡೆ ಕಟ್ಟತೊಡಗಿದಳು, ಹದಿನೇಳು ಉದ್ದ.

"ಉತ್ತರ ಯಾರು ಈಗ?" ಎಂದರು ಕಪ್ತಾನರು.
ನಾನು ಅಂಕದ ಪಟ್ಟಿಯನ್ನು ಅರ್ಧ ಹೊರಗೆಳೆದು
ಮತ್ತೆ ಡ್ರಾಯರಿಗೆ ದೂಡಿದೆ.